ಗಂಟೆ ಕೇಳಿಸುವಷ್ಟು ದೂರ

ನವೆಂಬರ್ 30, ಕಾರವಾರ

ಕಾರವಾರದಿಂದ ದಕ್ಷಿಣಕ್ಕೆ ಹೆದ್ದಾರಿ ಹಿಡಿದರೆ ಸಮುದ್ರದಲ್ಲಿ ಅಂಜುದೀವ ಕಾಣುತ್ತದೆ. ಉದ್ದನೆಯ ಹಸಿರು ನಡುಗಡ್ಡೆ. 1498ರಲ್ಲಿ ವಾಸ್ಕೊ ಡ ಗಾಮ ಇಲ್ಲಿ ಹಡಗು ನಿಲ್ಲಿಸಿದ್ದ. 1505ರಲ್ಲಿ ಪೋರ್ಚುಗೀಸರು ಇಲ್ಲಿ ಕೋಟೆ ಕಟ್ಟಿದರು. ಬ್ರೋತಾಸ್ ಮಾತೆಯ ಹೆಸರಿನಲ್ಲಿ ಒಂದು ಇಗರ್ಜಿ, ಅಂದರೆ ಚರ್ಚು, ಕೂಡ ಎದ್ದಿತು. 1961ರ ಡಿಸೆಂಬರಿನಲ್ಲಿ ನಮ್ಮ ನೌಕಾಪಡೆಯವರು ಪ್ರಾಣ ಕೊಟ್ಟು ಅದನ್ನು ಬಿಡಿಸಿದರು. ಈಗ ನಡುಗಡ್ಡೆ ನೌಕಾಪಡೆಯ ವಶದಲ್ಲಿದೆ. ಸುಮ್ನೆ ದೋಣಿ ಹತ್ತಿ ಹೋಗಿ ಬರುವ ಹಾಗಿಲ್ಲ.

ಇಗರ್ಜಿ ಗಂಟೆಗಳನ್ನು ಕೇಳಲೆಂದೇ ಹೊರಟ ಪ್ರವಾಸ ಇದು. ಅದನ್ನು ಗಂಟೆ ಕೇಳಿಸದ ಜಾಗದಿಂದಲೇ ಶುರು ಮಾಡಿದೆ. ರಸ್ತೆ ಬದಿ ನಿಂತು ನೋಡಿದರೆ ನಡುಗಡ್ಡೆ ಹತ್ತಿರವೇ ಇದೆ ಅನ್ನಿಸುತ್ತದೆ. ಅಲ್ಲಿ ಜನ ವಾಸವಾಗಿದ್ದ ದಿನಗಳಲ್ಲಿ, ಗಾಳಿ ಈ ಕಡೆ ಬೀಸುವಾಗ, ಮೀನಿಗೆ ಹೋದವರಿಗೆ ಅಲ್ಲಿಯ ಗಂಟೆ ಕೇಳಿಸುತ್ತಿತ್ತೇನೋ ಎಂದು ಯೋಚಿಸುತ್ತಾ ಸ್ವಲ್ಪ ಹೊತ್ತು ನಿಂತೆ. ದನಿ ಎಲ್ಲಿಯವರೆಗೆ ಮುಟ್ಟುತ್ತದೋ ಅಲ್ಲಿಯವರೆಗೆ ಆ ಗಂಟೆಯ ಊರು. ಸರಕಾರದ ನಕಾಶೆಗೂ ಈ ಗಡಿಗೂ ಸಂಬಂಧ ಇಲ್ಲ.

ರಾತ್ರಿ ಕಾರವಾರದ ಗೆಳೆಯನ ಮನೆಯಲ್ಲಿ ಬಾಂಗಡೆ ಸಾರು, ಅನ್ನ, ಸೋಲ್ ಕಡಿ. ಬೆಳಿಗ್ಗೆ ಬೇಗ ರೈಲು ಇತ್ತು, ಮಲಗಿದೆವು.

ಡಿಸೆಂಬರ್ 1, ಹಳೆ ಗೋವಾ

ನಮ್ಮ ಕರಾವಳಿಯ ಇಗರ್ಜಿಗಳ ಬಗ್ಗೆ ಮಾತಾಡುವಾಗ ಗೋವಾ ಬಿಟ್ಟು ಮಾತಾಡಲು ಆಗುವುದಿಲ್ಲ. ಪಾದ್ರಿಗಳು ಬಂದದ್ದು ಅಲ್ಲಿಂದ. ಜನರಲ್ಲೂ ಬಹಳಷ್ಟು ಕುಟುಂಬಗಳು ಅಲ್ಲಿಂದಲೇ ಇಳಿದು ಬಂದವು. ಕಾರವಾರದಲ್ಲಿ ಕೊಂಕಣ ರೈಲು ಹತ್ತಿ ಕರಮಳಿಯಲ್ಲಿ ಇಳಿದರೆ ಹಳೆ ಗೋವಾ ಪಕ್ಕದಲ್ಲೇ.

ಡಿಸೆಂಬರ್ 3ಕ್ಕೆ ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬ. ಅದಕ್ಕೆ ಮುಂಚಿನ ಒಂಬತ್ತು ದಿನದ ಪ್ರಾರ್ಥನೆ, ನೊವೇನಾ, ನಡೆಯುತ್ತಿತ್ತು. ಎಲ್ಲೆಲ್ಲೂ ಜನ, ಮೇಣದಬತ್ತಿ ಮಾರುವವರು, ಕಡಲೆ ಮಿಠಾಯಿ ಅಂಗಡಿಗಳು. ನಾವು ಹೋದದ್ದು ಸೆ ಕೆಥೆಡ್ರಲಿನ ಗಂಟೆಗಾಗಿ. 1562ರಲ್ಲಿ ಕಟ್ಟಲು ಶುರುವಾದ ಈ ದೊಡ್ಡ ಇಗರ್ಜಿಗೆ ಮೊದಲು ಎರಡು ಗೋಪುರ ಇತ್ತು. ಒಂದು 1776ರಲ್ಲಿ ಬಿದ್ದುಹೋಯಿತು. ಮತ್ತೆ ಕಟ್ಟಲಿಲ್ಲ. ಅದಕ್ಕೇ ಎದುರಿನಿಂದ ನೋಡಿದರೆ ಕಟ್ಟಡದ ಒಂದು ಭುಜ ಮಾತ್ರ ಎತ್ತರವಾಗಿ ಕಾಣುತ್ತದೆ. ಉಳಿದ ಆ ಗೋಪುರದಲ್ಲಿ ಚಿನ್ನದ ಗಂಟೆ ಎಂದು ಹೆಸರಾದ ಗಂಟೆ ಇದೆ. 1652ರಲ್ಲಿ ದಕ್ಷಿಣ ಗೋವಾದ ಕುಂಕಳ್ಳಿಯಲ್ಲಿ ಪೆದ್ರೊ ದಿಯಸ್ ಎಂಬ ಎರಕದವನು ಮಾಡಿದ್ದು. ಗೋವಾದಲ್ಲೇ ದೊಡ್ಡದು. ಅದಕ್ಕೆ ಆ ಹೆಸರು ಬಂದದ್ದು ದನಿಯಿಂದ.

ಆ ಗಂಟೆಯನ್ನು ಎಲ್ಲಿಂದಲೋ ಹಡಗಿನಲ್ಲಿ ತರಲಿಲ್ಲ, ಇಲ್ಲೇ ಹೊಯ್ದರು ಎನ್ನುವುದು ನನಗೆ ಬಹಳ ಮುಖ್ಯ ಅನ್ನಿಸಿತು. ಗಂಟೆಯ ಲೋಹ ಎಂದರೆ ಕಂಚು. ಸುಮಾರು ನಾಲ್ಕು ಪಾಲು ತಾಮ್ರ, ಒಂದು ಪಾಲು ತವರ. ತವರ ಕಡಿಮೆ ಆದರೆ ದನಿ ಮಂಕು. ಜಾಸ್ತಿ ಆದರೆ ಒಂದು ದಿನ ಪೆಟ್ಟು ಬಿದ್ದಾಗ ಬಿರುಕು. ಅಷ್ಟು ದೊಡ್ಡ ಅಚ್ಚಿಗೆ ಕರಗಿದ ಕಂಚನ್ನು ಒಂದೇ ಸಲಕ್ಕೆ ಹೊಯ್ಯಬೇಕು. ನಡುವೆ ನಿಂತರೆ ಕೆಲಸ ಕೆಟ್ಟಿತು. 1652ರಲ್ಲಿ ಕುಂಕಳ್ಳಿಯ ಜನರ ಕೈಯಲ್ಲಿ ಆ ವಿದ್ಯೆ ಇತ್ತು.

ಮಧ್ಯಾಹ್ನ ಮೊಂತೆ ಸಾಂತೊ ಗುಡ್ಡ ಹತ್ತಿದೆವು. ಅಗಸ್ಟೀನಿಯನ್ ಸನ್ಯಾಸಿಗಳ ಮಠದ ಗೋಪುರ ಅಲ್ಲಿ ಅರ್ಧ ಉಳಿದಿದೆ. 46 ಮೀಟರ್ ಎತ್ತರ, ಪೂರ್ತಿ ಕೆಂಪು ಚಿರೆಕಲ್ಲು. 1835ರಲ್ಲಿ ಮಠ ಬರಿದಾಯಿತು. 1842ರಲ್ಲಿ ಚಾವಣಿ ಕುಸಿಯಿತು. 1931ರಲ್ಲಿ ಗೋಪುರವೂ ಸೀಳಿ ಬಿತ್ತು. ಅಲ್ಲಿದ್ದ ದೊಡ್ಡ ಗಂಟೆ ಮಾತ್ರ ಬದುಕಿತು. ಕೆಲವು ಕಾಲ ಅಗ್ವಾಡ ಕೋಟೆಯಲ್ಲಿದ್ದು, 1871ರಲ್ಲಿ ಪಣಜಿಯ ಇಗರ್ಜಿಗೆ ಹೋಯಿತು. ಆ ಬಿಳಿ ಇಗರ್ಜಿಯ ನೆತ್ತಿಯ ಮೇಲೆ ಈಗಲೂ ತೂಗುತ್ತಿದೆ. ಗೋವಾದಲ್ಲಿ ಎರಡನೆಯ ದೊಡ್ಡ ಗಂಟೆ ಅದು. ಕಲ್ಲು ಬಿದ್ದರೂ ಗಂಟೆ ಉಳಿಯಿತು, ಊರು ಬದಲಿಸಿಕೊಂಡು ಇನ್ನೊಂದು ಊರಿಗೆ ಹೊತ್ತು ಹೇಳುತ್ತಿದೆ.

ಡಿಸೆಂಬರ್ 2, ಗಡಿಯಾರದ ಗೋಪುರ

ಇವತ್ತಿನ ಊರಿನ ಹೆಸರು ಬರೆಯುವುದಿಲ್ಲ. ಮೆಟ್ಟಿಲು ಹಳೆಯದು, ಹತ್ತಲು ತುಂಬಾ ಜನ ಬಂದರೆ ಕಷ್ಟ, ಹೆಸರು ಹಾಕಬೇಡಿ ಎಂದು ಇಗರ್ಜಿಯವರು ಕೇಳಿಕೊಂಡಿದ್ದಾರೆ. ಕಾರವಾರದಿಂದ ಕುಮಟಾ ಕಡೆಗೆ ಬರುವಾಗ ಹೆದ್ದಾರಿ ಬಿಟ್ಟು ಒಳಗೆ ತಿರುಗಬೇಕು. ತೆಂಗಿನ ತೋಟ, ಆಮೇಲೆ ಉಪ್ಪುನೀರು ಹಾಯುವ ಗಜನಿ ಗದ್ದೆ, ಆಮೇಲೆ ಬಿಳಿ ಗೋಪುರ.

ಗಡಿಯಾರ ನೋಡಿಕೊಳ್ಳುವ ಅಜ್ಜ ಕೆಳಗೇ ಕಾಯುತ್ತಿದ್ದರು. ಎಂಬತ್ತರ ಹತ್ತಿರದ ವಯಸ್ಸು. "ಚಪ್ಪಲಿ ಇಲ್ಲೇ ಬಿಡು ತಮ್ಮಾ, ಕಾಲಿಗೆ ಹಿಡಿತ ಬೇಕು," ಎಂದು ಮುಂದೆ ಹತ್ತಿದರು.

ಮೊದಲ ಅಟ್ಟದಲ್ಲಿ ಮರದ ಕಪಾಟಿನೊಳಗೆ ಯಂತ್ರ. ಕಬ್ಬಿಣದ ಚೌಕಟ್ಟು, ಹಿತ್ತಾಳೆಯ ಹಲ್ಲುಗಾಲಿಗಳು, ಎರಡು ಉರುಳೆ, ಎರಡಕ್ಕೂ ತಂತಿ ಹಗ್ಗ. ಹಗ್ಗದ ತುದಿಗೆ ತೂಕದ ಗುಂಡು. ಒಂದು ಗುಂಡು ಮುಳ್ಳು ನಡೆಸಲು, ಇನ್ನೊಂದು ಗಂಟೆ ಹೊಡೆಸಲು. ವಾರಕ್ಕೊಮ್ಮೆ ಹಿಡಿಕೆ ತಿರುಗಿಸಿ ಗುಂಡುಗಳನ್ನು ಮೇಲಕ್ಕೆ ಎತ್ತುತ್ತಾರೆ. ಅವು ವಾರವಿಡೀ ನಿಧಾನಕ್ಕೆ ಇಳಿಯುತ್ತವೆ. ಇಡೀ ಯಂತ್ರಕ್ಕೆ ಶಕ್ತಿ ಅಷ್ಟೇ. ಕರೆಂಟು ಹೋದರೂ ನಿಲ್ಲುವುದಿಲ್ಲ.

ತೂಕ ಒಮ್ಮೆಲೇ ಕೆಳಗೆ ಬೀಳದಂತೆ ತಡೆಯುವುದು ಲೋಲಕ. ಒಂದೊಂದು ತೂಗಿಗೆ ಗಾಲಿಯ ಒಂದೊಂದು ಹಲ್ಲು ಬಿಡುತ್ತದೆ. ಹಾಗೆ ಬಿಟ್ಟಾಗ ಬರುವ ಸದ್ದೇ ಟಿಕ್. ಲೋಲಕದ ಗಡಿಯಾರವನ್ನು 1656ರಲ್ಲಿ ಹಾಲೆಂಡಿನ ಹೈಗೆನ್ಸ್ ರೂಪಿಸಿದ. ಸರಿಯಾಗಿ ಒಂದು ಸೆಕೆಂಡಿಗೊಮ್ಮೆ ಟಿಕ್ ಅನ್ನಬೇಕಾದರೆ ಲೋಲಕ ಸುಮಾರು 99 ಸೆಂಟಿಮೀಟರ್ ಉದ್ದ ಇರಬೇಕು. ಎರಡು ಸೆಕೆಂಡಿಗೊಮ್ಮೆ ಬೇಕು ಅಂದರೆ ಉದ್ದ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಇಲ್ಲಿಯದು ಒಂದೂಕಾಲು ಸೆಕೆಂಡಿನದು, ಒಂದೂವರೆ ಮೀಟರಿಗಿಂತ ಸ್ವಲ್ಪ ಜಾಸ್ತಿ. ಅಟ್ಟದ ಹಲಗೆಯಲ್ಲಿ ಸೀಳು ಬಿಟ್ಟು ಅದನ್ನು ಕೆಳಗೆ ಇಳಿಬಿಟ್ಟಿದ್ದಾರೆ.

ಸರಳು ಕಬ್ಬಿಣದ್ದು. ಬಿಸಿಲಿಗೆ ಹಿಗ್ಗುತ್ತದೆ. ಹತ್ತು ಡಿಗ್ರಿ ಶಾಖ ಏರಿದರೆ ಗಡಿಯಾರ ದಿನಕ್ಕೆ ಸುಮಾರು ಐದು ಸೆಕೆಂಡು ಹಿಂದೆ ಬೀಳುತ್ತದೆ. ಅಜ್ಜ ಅದಕ್ಕೆ ಲೋಲಕದ ಗುಂಡಿನ ಮೇಲೆ ಹಳೆಯ ತಾಮ್ರದ ಕಾಸುಗಳನ್ನು ಇಡುತ್ತಾರೆ. ಒಂದು ಕಾಸು ಇಟ್ಟರೆ ತೂಕದ ನಡು ಕೂದಲೆಳೆಯಷ್ಟು ಮೇಲೇರುತ್ತದೆ, ತೂಗು ಒಂದಿಷ್ಟು ಚುರುಕಾಗುತ್ತದೆ. ಲಂಡನ್ನಿನ ಬಿಗ್ ಬೆನ್ ಗಡಿಯಾರಕ್ಕೂ ಇದೇ ಉಪಾಯ. ಅಲ್ಲಿ ಒಂದು ಹಳೆ ಪೆನ್ನಿ ಇಟ್ಟರೆ ದಿನಕ್ಕೆ 0.4 ಸೆಕೆಂಡು ಮುಂದೆ ಹೋಗುತ್ತದೆ. ಅಜ್ಜನಿಗೆ ಹೇಳಿದೆ. "ನನಗೆ ಕಲಿಸಿದವರು ನನ್ನ ಅಪ್ಪ. ಅವರಿಗೆ ಯಾರು ಕಲಿಸಿದರೋ," ಎಂದರು.

ಅವರ ದೊಡ್ಡ ಚಿಂತೆ ಬಿಸಿಲಲ್ಲ, ಮಳೆ. ಜೂನ್ ಬಂತೆಂದರೆ ಉಪ್ಪುಗಾಳಿ, ತೇವ, ತುಕ್ಕು. ಎಣ್ಣೆಯಲ್ಲಿ ಧೂಳು ಸೇರಿ ಅಂಟಾಗುತ್ತದೆ. ಹಿಂದೆ ಯಾರೋ ತೆಂಗಿನೆಣ್ಣೆ ಹಾಕಿದ್ದರಂತೆ. ಅದು ಗಟ್ಟಿಯಾಗಿ ಗಾಲಿ ಬಿಗಿದುಕೊಂಡು ಒಂದು ಮಳೆಗಾಲವಿಡೀ ಗಡಿಯಾರ ನಿಂತಿತ್ತು. "ಆ ಮಳೆಗಾಲ ಊರಿನವರಿಗೆ ನಿದ್ದೆಯೇ ಸರಿ ಬರಲಿಲ್ಲ," ಎಂದರು ಅಜ್ಜ. ನಾನು ಪೂರ್ತಿ ನಂಬಿದೆ.

ಹನ್ನೊಂದಕ್ಕೆ ಇನ್ನೂ ಕೆಲವು ನಿಮಿಷ ಇತ್ತು. ಯಂತ್ರದೊಳಗೆ ಕಟ್ ಎಂದು ಒಂದು ಸದ್ದು. "ತಯಾರಾಯಿತು," ಎಂದು ಅಜ್ಜ ಕೈ ಎತ್ತಿದರು. ಹೊಡೆಯುವ ಮೊದಲು ಯಂತ್ರ ಹೀಗೆ ಅರ್ಧ ಬೀಗ ತೆಗೆದುಕೊಂಡು ಕಾಯುತ್ತದೆ. ಸರಿಯಾಗಿ ಹನ್ನೊಂದಕ್ಕೆ ಪೂರ್ತಿ ಬಿಟ್ಟಿತು. ಎರಡು ತಗಡಿನ ರೆಕ್ಕೆ ಭರ್ರೆಂದು ತಿರುಗಿದವು. ಆ ರೆಕ್ಕೆಗಳು ಗಾಳಿಗೆ ಅಡ್ಡ ನಿಂತು ಹೊಡೆತದ ವೇಗ ಹಿಡಿಯುತ್ತವೆ. ಇಲ್ಲದಿದ್ದರೆ ಹನ್ನೊಂದು ಪೆಟ್ಟೂ ಗಡಿಬಿಡಿಯಲ್ಲಿ ಮುಗಿದುಹೋಗುತ್ತಿದ್ದವು. ತಂತಿ ಜಗ್ಗಿತು, ಮೇಲಿನ ಅಟ್ಟದಲ್ಲಿ ಸುತ್ತಿಗೆ ಎದ್ದು ಬಿತ್ತು. ಗೋಡೆಗೆ ಒರಗಿದ್ದ ನನ್ನ ಬೆನ್ನಿಗೆ ಮೊದಲು ತಾಗಿತು, ಆಮೇಲೆ ಕಿವಿಗೆ.

ಎಷ್ಟು ಹೊಡೆಯಬೇಕು ಎಂದು ಯಂತ್ರಕ್ಕೆ ಹೇಗೆ ಗೊತ್ತು? ಅಜ್ಜ ಒಂದು ತಟ್ಟೆ ತೋರಿಸಿದರು. ಅದರ ಅಂಚಿನಲ್ಲಿ ಕಚ್ಚುಗಳಿವೆ. ಕಚ್ಚಿನಿಂದ ಕಚ್ಚಿಗೆ ಅಂತರ ಬೆಳೆಯುತ್ತಾ ಹೋಗುತ್ತದೆ. ಮೊದಲನೆಯದು ಒಂದು ಪೆಟ್ಟಿನಷ್ಟು, ಕೊನೆಯದು ಹನ್ನೆರಡು ಪೆಟ್ಟಿನಷ್ಟು. ಮೊಳೆ ಕಚ್ಚಿಗೆ ಬಿದ್ದಾಗ ಹೊಡೆತ ನಿಲ್ಲುತ್ತದೆ. ತಟ್ಟೆ ಒಂದು ಸುತ್ತು ಬಂದರೆ 78 ಪೆಟ್ಟು, ದಿನಕ್ಕೆ ಎರಡು ಸುತ್ತು, 156. ಈ ತಟ್ಟೆಗೆ ಮುಳ್ಳು ಎಲ್ಲಿದೆ ಎಂಬುದು ಗೊತ್ತೇ ಇಲ್ಲ. ತಾನು ಕೊನೆಗೆ ಎಷ್ಟು ಹೊಡೆದೆ ಎನ್ನುವುದಷ್ಟೇ ಗೊತ್ತು. ಯಾರಾದರೂ ಅವಸರದಲ್ಲಿ ಮುಳ್ಳನ್ನು ಕೈಯಿಂದ ದಾಟಿಸಿದರೆ, ಮುಳ್ಳು ಐದು ತೋರಿಸುವಾಗ ಗಂಟೆ ನಾಲ್ಕು ಹೊಡೆಯುತ್ತದೆ. ಅದಕ್ಕೇ ಮುಳ್ಳು ಸರಿಸುವವರು ಪ್ರತಿ ಗಂಟೆಯಲ್ಲೂ ನಿಂತು, ಪೂರ್ತಿ ಹೊಡೆಯಲು ಬಿಟ್ಟು ಮುಂದೆ ಹೋಗಬೇಕು.

ಇನ್ನೂ ಮೇಲೆ, ಗಂಟೆಯ ಅಟ್ಟ. ನಾಲ್ಕೂ ಕಡೆ ಕಮಾನು ಕಿಟಕಿ, ಅದರಾಚೆ ಗಜನಿ, ಅದರಾಚೆ ಸಮುದ್ರ. ಗಂಟೆಯ ಅಂಚು ನನ್ನ ಅಂಗೈಯಷ್ಟು ದಪ್ಪ. ಗಡಿಯಾರದ ಸುತ್ತಿಗೆ ಹೊರಗಿನಿಂದ ಹೊಡೆಯುತ್ತದೆ, ಪ್ರಾರ್ಥನೆಗೆ ಹಗ್ಗ ಎಳೆದಾಗ ಒಳಗಿನ ನಾಲಗೆ ಹೊಡೆಯುತ್ತದೆ. ಕಂಚು ಅದೇ, ಆದರೆ ಊರಿನವರು ಕಣ್ಣು ಮುಚ್ಚಿಕೊಂಡೂ ಎರಡನ್ನೂ ಬೇರೆ ಮಾಡಿ ಹೇಳಬಲ್ಲರು. ಒಂದು ಬರೀ ಹೊತ್ತು, ಇನ್ನೊಂದು ಕರೆ.

ಕೆಲವು ಕಡೆ ಈಗ ಧ್ವನಿವರ್ಧಕ ಬಂದಿದೆ. ಎಲ್ಲೋ ಮುದ್ರಿಸಿದ ಗಂಟೆಯ ದನಿಯನ್ನು ಹೊತ್ತಿಗೆ ಸರಿಯಾಗಿ ಹಾಕುತ್ತಾರೆ. ಗೋಪುರ ಹತ್ತಲು ಜನ ಸಿಗುವುದಿಲ್ಲ, ಕಷ್ಟ ಅರ್ಥವಾಗುತ್ತದೆ. ಆದರೂ ಮೇಲೆ ನಿಜವಾದ ಗಂಟೆ ಇರುವ ಕಡೆ ಹಾಗೆ ಮಾಡಬಾರದು ಎಂದೇ ನನ್ನ ಅಭಿಪ್ರಾಯ. ಬಾರಿಸದೆ ಬಿಟ್ಟ ಗಂಟೆಯ ಕೀಲು ಹಿಡಿಯುತ್ತದೆ, ಮರದ ತೊಲೆ ಕೊಳೆಯುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಇಳಿದು ಬರುವಾಗ ಅಜ್ಜನ ಮೊಮ್ಮಗಳು ಎಣ್ಣೆ ಡಬ್ಬಿ ಹಿಡಿದು ಹತ್ತುತ್ತಿದ್ದಳು. ಅವಳಿಗೆ ತಟ್ಟೆ, ರೆಕ್ಕೆ, ಕಾಸು ಎಲ್ಲ ಗೊತ್ತು. ನನಗೆ ಬಹಳ ಸಂತೋಷವಾಯಿತು.

ಡಿಸೆಂಬರ್ 3, ಚಂದಾವರ

ಕುಮಟಾದಿಂದ ಚಂದಾವರಕ್ಕೆ ಹೋಗುವ ಬಸ್ಸಿನಲ್ಲಿ ಇವತ್ತು ಕಾಲಿಡಲು ಜಾಗ ಇರಲಿಲ್ಲ. ಫೆಸ್ತ್ ದಿನ, ಅಂದರೆ ಝೇವಿಯರರ ಹಬ್ಬ. ಹಿಂದೂಗಳು, ಮುಸ್ಲಿಮರು ಎಲ್ಲರೂ ಹರಕೆ ಹೊತ್ತು ಬರುತ್ತಾರೆ.

1678ರಲ್ಲಿ ಪೋರ್ಚುಗೀಸರಿಗೂ ಕೆಳದಿಯ ಅರಸೊತ್ತಿಗೆಗೂ ಆದ ಒಪ್ಪಂದದಲ್ಲಿ ಮಿರ್ಜಾನ, ಚಂದಾವರ, ಭಟ್ಕಳಗಳಲ್ಲಿ ಇಗರ್ಜಿ ಕಟ್ಟಲು ಒಪ್ಪಿಗೆ ಸಿಕ್ಕಿತ್ತು. 1784ರಲ್ಲಿ ಟಿಪ್ಪು ಸುಲ್ತಾನ ಕೆನರಾದ ಕ್ರೈಸ್ತರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ. ಇಗರ್ಜಿಗಳನ್ನು ಕೆಡವಿಸಿದ. ಉಳಿದವರು ಮರಳಿದ್ದು 1799ರ ನಂತರ. ನಮ್ಮ ಕರಾವಳಿಯಲ್ಲಿ ಗೋವಾದಷ್ಟು ಹಳೆಯ ಗೋಪುರಗಳು ಯಾಕಿಲ್ಲ ಎಂದು ಕೇಳಿದರೆ ಉತ್ತರದ ದೊಡ್ಡ ಪಾಲು ಇಲ್ಲಿದೆ. ಹದಿನೈದು ವರ್ಷ ಊರಿಗೆ ಊರೇ ಗಂಟೆಯಿಲ್ಲದೆ ಇತ್ತು.

ಗೆಳೆಯನಿಗೆ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸಿದ ಅಕ್ಕೋರು ಈ ಕಡೆಯವರೇ. ನಿವೃತ್ತರಾಗಿ ಬಹಳ ವರ್ಷವಾಗಿದೆ. ಮರದ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

"ಅಕ್ಕೋರೇ, ಗಂಟೆ ಬಗ್ಗೆ ಹೇಳಿ," ಎಂದೆ.

"ಎಂತ ಹೇಳುದು? ಸಂಜೆ ಗಂಟೆ ಆಗೋದ್ರೊಳಗೆ ಮಕ್ಕಳು ಮನೆಯಲ್ಲಿರಬೇಕಿತ್ತು. ಗಂಟೆ ಬಿತ್ತು ಅಂದ್ರೆ ಗದ್ದೆಯಲ್ಲಿದ್ದರೂ ನಿಲ್ಲುದು, ಶಿಲುಬೆ ಗುರುತು ಮಾಡುದು. ಆಮೇಲೆ ಮನೆಯಲ್ಲಿ ತೇರ್ಸ್, ಜಪಮಾಲೆ ಪ್ರಾರ್ಥನೆ. ಅದಾದ ಮೇಲೇ ಊಟ."

ಏಂಜೆಲಸ್ ಪ್ರಾರ್ಥನೆಯ ಗಂಟೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಮೂರು ಪೆಟ್ಟು, ಒಂದಿಷ್ಟು ಬಿಡುವು. ಮತ್ತೆ ಮೂರು, ಬಿಡುವು. ಮತ್ತೆ ಮೂರು. ಪ್ರಾರ್ಥನೆಯ ಒಂದೊಂದು ಭಾಗ ಆ ಬಿಡುವಿನಲ್ಲಿ ಮುಗಿಯುತ್ತದೆ. ಸಾವಿನ ಗಂಟೆ ಬೇರೆ. ಒಂದು ಪೆಟ್ಟು ಪೂರ್ತಿ ಆರಿದ ಮೇಲೆ ಇನ್ನೊಂದು. ಅದು ಕೇಳಿದರೆ ಹೆಂಗಸರು ಒಲೆಯ ಮುಂದಿನಿಂದ ಎದ್ದು ಬಾಗಿಲಿಗೆ ಬರುತ್ತಿದ್ದರಂತೆ, ಯಾರು ಎಂದು ಕೇಳಲು.

"ಗಂಟೆ ಸುಮ್ನಿರುವ ದಿನವೂ ಉಂಟು," ಎಂದರು ಅಕ್ಕೋರು. ಈಸ್ಟರಿಗೆ ಮುಂಚಿನ ಪವಿತ್ರ ಗುರುವಾರ ಗ್ಲೋರಿಯಾ ಎಂಬ ಸ್ತುತಿಗೀತೆ ಹಾಡುವಾಗ ಗಂಟೆ ಬಾರಿಸಿದರೆ ಮುಗಿಯಿತು. ಶನಿವಾರ ರಾತ್ರಿ ಮತ್ತೆ ಗ್ಲೋರಿಯಾ ಬರುವವರೆಗೆ ಗಂಟೆ ಮುಟ್ಟುವುದಿಲ್ಲ. ಆ ದಿನಗಳಲ್ಲಿ ಮರಕ್ಕೆ ಮರ ಬಡಿಯುವ ಸಲಕರಣೆಯಿಂದ ಜನರನ್ನು ಕರೆಯುತ್ತಾರೆ. "ಶನಿವಾರ ರಾತ್ರಿ ಎಲ್ಲಾ ಗಂಟೆ ಒಟ್ಟಿಗೆ ಬಾರಿಸ್ತಾರೆ ನೋಡು, ಆಗ ನನಗೆ ಈಗಲೂ ಕಣ್ಣಲ್ಲಿ ನೀರು ಬರ್ತದೆ."

ಮಧ್ಯಾಹ್ನದ ಗಂಟೆ ಬಿತ್ತು. ಫೋನಿನಲ್ಲಿ ಸರಿಯಾಗಿ ಹನ್ನೆರಡು. ನಾನು ಬಯಲಿನಲ್ಲಿ ಒಂದು ಕೋಲು ನೆಟ್ಟು ನೆರಳು ಗುರುತು ಹಾಕುತ್ತಾ ಕೂತಿದ್ದೆ. ನೆರಳು ಅತಿ ಚಿಕ್ಕದಾದದ್ದು ಸುಮಾರು 12 ಗಂಟೆ 22 ನಿಮಿಷಕ್ಕೆ. ಲೆಕ್ಕವೂ ಹಾಗೇ ಹೇಳುತ್ತದೆ. ನಮ್ಮ ಭಾರತೀಯ ಸಮಯ 82.5 ಡಿಗ್ರಿ ರೇಖಾಂಶದ್ದು. ಈ ಕರಾವಳಿ ಅದಕ್ಕಿಂತ ಸುಮಾರು ಎಂಟು ಡಿಗ್ರಿ ಪಶ್ಚಿಮಕ್ಕಿದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯ ಇಲ್ಲಿಗೆ 32 ನಿಮಿಷ ತಡವಾಗಿ ಬರುತ್ತಾನೆ. ಡಿಸೆಂಬರ್ ಮೊದಲ ವಾರದಲ್ಲಿ ಸೂರ್ಯ ಗಡಿಯಾರಕ್ಕಿಂತ ಹತ್ತು ನಿಮಿಷ ಮುಂದೆ ಇರುವುದರಿಂದ 22 ಉಳಿಯಿತು. ಫೆಬ್ರವರಿಯಲ್ಲಿ ಇದೇ ಕೋಲು ನೆಟ್ಟರೆ ನಡುಹಗಲು 12.45 ದಾಟುತ್ತದೆ.

ಇಡೀ ದೇಶಕ್ಕೆ ಒಂದೇ ಸಮಯ ಬಂದದ್ದು 1906ರಲ್ಲಿ. ಅದಕ್ಕೆ ಮೊದಲು ಮದ್ರಾಸ್ ಸಮಯ ಬೇರೆ, ಬೊಂಬಾಯಿ ಸಮಯ ಬೇರೆ. ಬೊಂಬಾಯಿ ನಗರ 1955ರ ತನಕ ತನ್ನ ಸಮಯವನ್ನೇ ಇಟ್ಟುಕೊಂಡಿತ್ತು, ಈಗಿನ ಸಮಯಕ್ಕಿಂತ 39 ನಿಮಿಷ ಹಿಂದೆ. ನಮ್ಮ ಜಿಲ್ಲೆ ಮೊದಲು ಮದ್ರಾಸಿಗೆ ಸೇರಿತ್ತು, 1862ರಲ್ಲಿ ಬೊಂಬಾಯಿ ಪ್ರಾಂತಕ್ಕೆ ಹೋಯಿತು. ಆಳುವವರು ಬದಲಾದರು, ಗಡಿಯಾರ ಬದಲಾಯಿತು. ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುವವರು ನಂಬಿದ್ದು ಗೋಪುರದ ದನಿಯನ್ನು. ಅದು ಬಿದ್ದಾಗ ಮಧ್ಯಾಹ್ನ.

ಅಕ್ಕೋರು ನನ್ನ ಕೋಲು, ಗುರುತು ಎಲ್ಲ ನೋಡಿದರು. "ನಮ್ಮ ಅಜ್ಜಿ ಇದನ್ನು ಅಂಗಳದ ಕಂಬದ ನೆರಳಿನಲ್ಲಿ ನೋಡ್ತಿದ್ರು. ಗಂಟೆ ತಡ ಆಯ್ತು ಅಂತ ಪಾದ್ರಿಗಳಿಗೆ ಹೇಳಿ ಕಳಿಸಿದ್ದೂ ಉಂಟು," ಎಂದರು.

ಡಿಸೆಂಬರ್ 4, ಶಿರಸಿ

ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬಂದೆ. ಭಾವನ ಮನೆ ಇಲ್ಲೇ. ಭಾವ ಹಾರ್ಮೋನಿಯಂ ನುಡಿಸುತ್ತಾರೆ, ತೋಟದ ಕೆಲಸದ ನಡುವೆ ಮಕ್ಕಳಿಗೆ ಹಿಂದುಸ್ತಾನಿ ಪಾಠವನ್ನೂ ಹೇಳುತ್ತಾರೆ.

ಗಡಿಯಾರದ ಗೋಪುರದಲ್ಲಿ ಫೋನಿಗೆ ತುಂಬಿಕೊಂಡಿದ್ದ ದನಿ ಕೇಳಿಸಿದೆ. ಪಳಗಿದ ಕೈಯ ಎರಕದ ಇಗರ್ಜಿ ಗಂಟೆಯಲ್ಲಿ ಒಂದೇ ಸ್ವರ ಇರುವುದಿಲ್ಲ. ಪೆಟ್ಟು ಬಿದ್ದ ತಕ್ಷಣ ಕೇಳುವ ಸ್ವರವನ್ನು ಷಡ್ಜ ಅಂತ ಹಿಡಿದರೆ, ಅದರ ಒಂದು ಸಪ್ತಕ ಕೆಳಗೆ ಗುಂಯ್ ಎನ್ನುವ ಮಂದ್ರ ಷಡ್ಜ ಬಹಳ ಹೊತ್ತು ಉಳಿಯುತ್ತದೆ. ಪಂಚಮ ಸಣ್ಣದಾಗಿ ಬರುತ್ತದೆ. ಇವುಗಳ ನಡುವೆ ಎದ್ದು ಕೇಳುವುದು ಕೋಮಲ ಗಾಂಧಾರ, ಅಂದರೆ ತುಸು ತಗ್ಗಿದ ಗ. ಶುದ್ಧ ಗಾಂಧಾರ ಅಲ್ಲ. ಗಂಟೆಯ ಆಕಾರವೇ ಹಾಗೆ ನುಡಿಸುತ್ತದೆ. ಮದುವೆಯ ಗಂಟೆಯಲ್ಲೂ ಒಂದು ಎಳೆ ವಿಷಾದ ಕೇಳುವುದು ಆ ಗಾಂಧಾರದಿಂದಲೇ ಎಂದು ನನಗೆ ತೋರುತ್ತದೆ.

ಭಾವ ಒಂದು ಕೈಯಲ್ಲಿ ತಿದಿ ಒತ್ತುತ್ತಾ, ಇನ್ನೊಂದು ಕೈಯಲ್ಲಿ ಸ್ವರದ ಮನೆ ಹುಡುಕಿದರು. "ಎರಡನೇ ಕಪ್ಪು ಮನೆಗಿಂತ ಚೂರು ಮೇಲೆ ಷಡ್ಜ ಉಂಟು." ಮತ್ತೆ ಹಾಕಿಸಿದರು. ಗಾಂಧಾರ ಸಿಕ್ಕಿತು. ಕೋಮಲಕ್ಕಿಂತ ಒಂದೆಳೆ ಏರು. ಹಾರ್ಮೋನಿಯಂನ ಮನೆಗಳ ನಡುವೆ ಎಲ್ಲೋ ನಿಂತಿತ್ತು. "ಇದು ದನಿಯಲ್ಲಿ ಹಾಡಿದರೆ ಮಾತ್ರ ಸಿಗ್ತದೆ," ಎಂದು ಹಾಡಿ ತೋರಿಸಿದರು. ಸಿಕ್ಕಿತು.

ಸಂಜೆ ಮಾರಿಕಾಂಬಾ ದೇವಸ್ಥಾನಕ್ಕೆ ಹೋದೆವು. ಬಂದವರೆಲ್ಲ ಕೈ ಎತ್ತಿ ಗಂಟೆ ಬಾರಿಸುತ್ತಿದ್ದರು. ಮಕ್ಕಳನ್ನು ಎತ್ತಿ ಅವರ ಕೈಯಿಂದಲೂ ಬಾರಿಸುತ್ತಿದ್ದರು. ಇಲ್ಲಿ ಪ್ರತಿಯೊಬ್ಬರೂ ತಾವು ಬಂದೆವು ಎಂದು ದೇವಿಗೆ ಹೇಳುತ್ತಾರೆ. ಇಗರ್ಜಿಯಲ್ಲಿ ಒಬ್ಬರು ಹಗ್ಗ ಎಳೆದು ಊರಿಗೆಲ್ಲ ಹೇಳುತ್ತಾರೆ. ಎರಡೂ ಕಡೆ ಕಂಚಿನ ಪಾಕ ಮಾತ್ರ ಹೆಚ್ಚುಕಡಿಮೆ ಒಂದೇ ತರಹ.

ಇವೆರಡೂ ಸೇರಿದ ಜಾಗವೂ ಇದೆ. 1739ರಲ್ಲಿ ಮರಾಠಾ ದಂಡನಾಯಕ ಚಿಮಾಜಿ ಅಪ್ಪಾ ಪೋರ್ಚುಗೀಸರಿಂದ ಮುಂಬಯಿ ಬಳಿಯ ವಸಈ ಕೋಟೆ ಗೆದ್ದಾಗ ಮರಾಠರು ಅಲ್ಲಿಯ ಇಗರ್ಜಿ ಗಂಟೆಗಳನ್ನು ತಂದು ಮಹಾರಾಷ್ಟ್ರದ ದೇವಸ್ಥಾನಗಳಲ್ಲಿ ಕಟ್ಟಿದರು. ಭೀಮಾಶಂಕರದಲ್ಲಿ ಒಂದಿದೆ. ನಾಸಿಕದಲ್ಲಿ ಗೋದಾವರಿ ದಂಡೆಯ ನಾರೋಶಂಕರ ದೇವಸ್ಥಾನದ ದೊಡ್ಡ ಗಂಟೆ ಇನ್ನೊಂದು.

ಭಾವ ನಡೆಯುತ್ತಿದ್ದವರು ನಿಂತರು. "ಹಾಗಾದ್ರೆ ನಾಸಿಕದ ಗಂಟೆಯಲ್ಲೂ ಕೋಮಲ ಗಾಂಧಾರ ಇರಬೇಕಲ್ವಾ?"

"ಇರಬೇಕು ಭಾವ. ಕೇಳಿಯೇ ನೋಡಬೇಕು."

"ಅಡಿಕೆ ಕೊನೆಕೊಯ್ಲು ಮುಗೀಲಿ, ಹೋಗುವ," ಎಂದರು.